ಓಆರ್‌ಎಸ್ ಕಲಸುವ ಅಳತೆ, ಕುಡಿಸುವ ಬಗೆ

ಮೊದಲ ಮಳೆ ಬಿದ್ದ ಮೇಲೆ ನಮ್ಮ ಕಡೆ ಮಕ್ಕಳಿಗೆ ವಾಂತಿ-ಭೇದಿ ಜಾಸ್ತಿ. ಕುಡಿಯುವ ನೀರಿಗೆ ಕೊಳಕು ಸೇರುವ ಕಾಲ ಅದು. ನಾನು ಕೊಪ್ಪಳ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಆ ದಿನಗಳಲ್ಲಿ ತಾಯಂದಿರು ಹೇಳುವ ಮಾತು ಒಂದೇ: "ಸಿಸ್ಟರ್, ಓಆರ್‌ಎಸ್ ಕೊಟ್ಟೀವ್ರಿ, ಆದ್ರೂ ಭೇದಿ ನಿಲ್ಲವಲ್ದು." ಹೇಗೆ ಕಲಸಿದ್ರಿ ಅಂತ ಕೇಳುತ್ತೇನೆ. ಒಂದು ಲೋಟ ನೀರು, ಅದಕ್ಕೆ ಅಂದಾಜಿನಲ್ಲಿ ಒಂದಿಷ್ಟು ಪುಡಿ ಅನ್ನುತ್ತಾರೆ.

ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧ ಅಲ್ಲ, ಇದನ್ನು ಮೊದಲು ತಿಳಿದುಕೊಳ್ಳಿ. ಮೈಯಿಂದ ಹೋದ ನೀರು ಮತ್ತು ಉಪ್ಪನ್ನು ಅದು ತುಂಬಿಕೊಡುತ್ತದೆ. ನೀರು ಭೇದಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಮಗುವಿನ ಜೀವಕ್ಕೆ ಕುತ್ತು ತರುವುದು ಭೇದಿಗಿಂತ ಹೆಚ್ಚಾಗಿ ನೀರಿನ ಕೊರತೆ. ಹಾಗಾಗಿ ಮೂರನೇ ಸಲ ಭೇದಿ ಆಗಲಿ ನೋಡೋಣ ಅಂತ ಕಾಯಬೇಡಿ. ಮೊದಲ ಸಲವೇ ಶುರು ಮಾಡಿ.

ಈಗ ಅಳತೆ. ದೊಡ್ಡ ಪ್ಯಾಕೆಟ್ ಇಡೀ 1 ಲೀಟರ್ ನೀರಿಗೆ. ಅದರಲ್ಲಿ ಒಟ್ಟು 20.5 ಗ್ರಾಂ ಪುಡಿ ಇರುತ್ತದೆ: ಗ್ಲೂಕೋಸ್ 13.5, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಈ ಲೆಕ್ಕ ಸುಮ್ನೆ ಇಟ್ಟದ್ದಲ್ಲ. ನಮ್ಮ ಕರುಳು ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಎರಡನ್ನೂ ಜೊತೆಜೊತೆಗೆ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಕರುಳಿನ ಈ ಕೆಲಸ ನಿಲ್ಲುವುದಿಲ್ಲ. ನೀರು ಕಡಿಮೆ ಹಾಕಿ ಗಟ್ಟಿಯಾಗಿ ಕಲಸಿದರೆ ಕರುಳೇ ಮೈಯ ನೀರನ್ನು ಹೊರಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ರಕ್ತದಲ್ಲಿ ಉಪ್ಪು ಏರಿದರೆ ಚಿಕ್ಕ ಮಗುವಿಗೆ ಫಿಟ್ಸ್ ಕೂಡ ಬರಬಹುದು. ಇನ್ನು ನೀರು ಜಾಸ್ತಿಯಾದರೆ ಉಪ್ಪು ಸಾಲುವುದಿಲ್ಲ.

ಅರ್ಧ ಪ್ಯಾಕೆಟ್ ಅರ್ಧ ಲೀಟರಿಗೆ ಸಾಕಲ್ವಾ ಅಂತ ಕೇಳುತ್ತಾರೆ. ಬೇಡ. ಪುಡಿಯನ್ನು ಸರಿಯಾಗಿ ಅರ್ಧ ಮಾಡಲು ಮನೆಯಲ್ಲಿ ಆಗುವುದಿಲ್ಲ, ಉಪ್ಪು ಒಂದು ಕಡೆ ಕೂತಿರುತ್ತದೆ. ಕಡಿಮೆ ಬೇಕಿದ್ದರೆ ಮೆಡಿಕಲ್ ಶಾಪಿನಲ್ಲಿ 200 ಮಿಲಿಲೀಟರ್‌ಗೆ ಕಲಸುವ ಚಿಕ್ಕ ಪ್ಯಾಕೆಟ್ ಸಿಗುತ್ತದೆ. ಎಷ್ಟು ನೀರಿಗೆ ಅಂತ ಅದರ ಮೇಲೆಯೇ ಬರೆದಿರುತ್ತದೆ, ಓದಿ. ಚೊಂಬು, ತಂಬಿಗೆ ಮನೆಮನೆಗೂ ಬೇರೆ ಅಳತೆ, ನಂಬಬೇಡಿ. ಒಂದು ಲೀಟರ್‌ನ ನೀರಿನ ಬಾಟಲಿಯನ್ನು ಚೆನ್ನಾಗಿ ತೊಳೆದು ಅದರಲ್ಲೇ ಅಳೆಯಿರಿ. ಸೋಪು ಹಚ್ಚಿ ಕೈ ತೊಳೆಯಿರಿ. ನೀರು ಕುದಿಸಿ, ಪೂರ್ತಿ ಆರಿದ ಮೇಲೆ ಇಡೀ ಪುಡಿ ಸುರಿದು ಕರಗುವವರೆಗೆ ಕಲಕಿ. ಕಲಸಿದ ಮೇಲೆ ಮತ್ತೆ ಕಾಯಿಸಬೇಡಿ. ಸಕ್ಕರೆ, ಹಾಲು, ಜ್ಯೂಸ್ ಯಾವುದನ್ನೂ ಸೇರಿಸಬೇಡಿ. ಮುಚ್ಚಿಟ್ಟರೆ 24 ಗಂಟೆ ಬಳಸಬಹುದು, ಉಳಿದದ್ದನ್ನು ಚೆಲ್ಲಿ.

ಕುಡಿಸುವುದಕ್ಕೆ ತಾಳ್ಮೆ ಬೇಕು. ಬಾಯಾರಿದ ಮಗು ಲೋಟ ಕಿತ್ತುಕೊಂಡು ಗಟಗಟ ಕುಡಿಯುತ್ತದೆ, ಆಮೇಲೆ ಎಲ್ಲವನ್ನೂ ವಾಂತಿ ಮಾಡುತ್ತದೆ. ಚಮಚದಲ್ಲಿ, ಒಂದೆರಡು ನಿಮಿಷಕ್ಕೆ ಒಂದರಂತೆ ಕೊಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದ ಮೇಲೆ 50ರಿಂದ 100 ಮಿಲಿಲೀಟರ್, ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200. ದೊಡ್ಡವರು ಬೇಕೆನಿಸಿದಷ್ಟು ಕುಡಿಯಬಹುದು. ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಬೇಕು. ವಾಂತಿ ಆಯಿತೆಂದು ಬಿಟ್ಟುಬಿಡಬೇಡಿ. ಹತ್ತು ನಿಮಿಷ ಕಾದು ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿ.

"ಗ್ಲೂಕೋಸ್ ಹಚ್ಚಿಬಿಡ್ರಿ" ಅಂತ ಡ್ರಿಪ್ ಕೇಳುವವರಿಗೆ ನಾನು 1971ರ ಸಂಗತಿ ಹೇಳುತ್ತೇನೆ. ಬಾಂಗ್ಲಾದೇಶದ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್‌ಗಳನ್ನು ನೀರಿನಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿದರು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂತು. ಕುಡಿಯಲು ಆಗುವ ಮಗುವಿಗೆ ಸೂಜಿ ಬೇಕಿಲ್ಲ.

ಅಂಗಡಿಯ ಬಣ್ಣದ ಡಬ್ಬಿಗಳ ಬಗ್ಗೆ ಹುಷಾರಾಗಿರಿ. ಸಕ್ಕರೆ ತುಂಬಿದ ಪಾನೀಯಗಳೂ ಓಆರ್‌ಎಸ್ ಹೆಸರಿನಲ್ಲಿ ಬಹಳ ಕಾಲ ಮಾರಾಟವಾಗಿವೆ. ಅಳತೆಗೆ ಸರಿಹೊಂದದ ಪಾನೀಯಕ್ಕೆ ಆ ಹೆಸರು ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಬರೀ ಗ್ಲೂಕೋಸ್ ಪುಡಿಯೂ ಓಆರ್‌ಎಸ್ ಅಲ್ಲ. ಸೋಡಾ, ಕೂಲ್‌ಡ್ರಿಂಕ್ಸ್ ಬೇಡವೇ ಬೇಡ.

ರಾತ್ರಿ ಹೊತ್ತು ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚ ಸಮಮಟ್ಟ ಇರಲಿ, ಗುಡ್ಡೆ ಮಾಡಬೇಡಿ. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಉಪ್ಪು ಹಾಕಿದ ಅಕ್ಕಿ ಗಂಜಿ, ತಿಳಿ ಮಜ್ಜಿಗೆ, ಬೇಳೆ ಕಟ್ಟು ಕೂಡ ಕೊಡಬಹುದು. ಬೆಳಗಾದ ಮೇಲೆ ಪ್ಯಾಕೆಟ್ ತನ್ನಿ. ಆಶಾ ಕಾರ್ಯಕರ್ತೆಯರ ಹತ್ತಿರ, ನಮ್ಮಂಥ ಆರೋಗ್ಯ ಕೇಂದ್ರಗಳಲ್ಲಿ ಅದು ದುಡ್ಡಿಲ್ಲದೆ ಸಿಗುತ್ತದೆ.

ಅದರ ಜೊತೆ ಜಿಂಕ್ ಮಾತ್ರೆಯನ್ನೂ ಕೇಳಿ ಪಡೆಯಿರಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನ ಕೂಸಿಗೆ 10. ಚಮಚದಲ್ಲಿ ನೀರು ಅಥವಾ ಎದೆಹಾಲು ಹಾಕಿ ಕರಗಿಸಿ ಕುಡಿಸಿ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ನೀವಾಗಿಯೇ ಕೊಡಬೇಡಿ. ಊಟ ನಿಲ್ಲಿಸಬೇಡಿ. ಎದೆಹಾಲು ಮೊದಲಿಗಿಂತ ಹೆಚ್ಚು ಸಲ ಕೊಡಿ. ಮೆತ್ತನೆ ಅನ್ನ, ಮೊಸರು, ಬಾಳೆಹಣ್ಣು, ಇಡ್ಲಿ, ಮಗು ತಿಂದಷ್ಟು ತಿನ್ನಲಿ.

ಹಲ್ಲು ಬರುವಾಗ ಭೇದಿ ಸಹಜ ಅಂತ ಸುಮ್ಮನಿರಬೇಡಿ. ಕಣ್ಣು ಗುಳಿ ಬಿದ್ದಿದೆಯಾ, ಅತ್ತರೂ ಕಣ್ಣೀರು ಬರುತ್ತಿಲ್ಲವಾ, ನಾಲಿಗೆ ಒಣಗಿದೆಯಾ ನೋಡಿ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಮೊದಲಿನಂತಾಗುತ್ತಿದೆಯಾ ಅಂತಲೂ ನೋಡಿ. ಆರು ಗಂಟೆಯಿಂದ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಆರು ತಿಂಗಳೊಳಗಿನ ಕೂಸಾದರೆ ಈ ಲಕ್ಷಣ ಬರುವ ತನಕವೂ ಕಾಯಬೇಡಿ. ಬಾಟಲಿ, ಚಮಚ ಜೊತೆಗೆ ತನ್ನಿ, ಗಾಡಿಯಲ್ಲೂ ಕುಡಿಸುತ್ತಾ ಬನ್ನಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಭೇದಿ ಎಷ್ಟು ಸಲ ಆಯಿತು, ಕೊನೆಯ ಸಲ ಮೂತ್ರ ಯಾವಾಗ ಆಯಿತು ಅಂತ ಬರೆದುಕೊಂಡು ಬನ್ನಿ. ಡಾಕ್ಟರ್ ಮೊದಲು ಕೇಳುವುದೇ ಅದನ್ನು.