ನೀವು, ಅಕ್ಕ, ಮೇಡಂ: ಸಮಾಲೋಚನೆಯ ಕೊಠಡಿಯಲ್ಲಿ ನನ್ನ ಅನುಭವ

“ಬನ್ನಿ, ಕುಳಿತುಕೊಳ್ಳಿ” ಎಂದೆ. ಆಕೆ ಬಾಗಿಲಲ್ಲೇ ನಿಂತು ಹಿಂತಿರುಗಿ ನೋಡಿದರು. ಬೆನ್ನ ಹಿಂದೆ ಯಾರೋ ದೊಡ್ಡ ಮನುಷ್ಯರು ಬಂದಿರಬೇಕು, ಈ ಬಹುವಚನ ಅವರಿಗೆ ಸಂದದ್ದು ಎಂದು ತಿಳಿದಿದ್ದರು. ಐವತ್ತು ದಾಟಿದ ಹೆಂಗಸು. ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವರು. ಅದನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1982ರಲ್ಲಿ ಬಂತು. ಆಕೆಯ ಕೊರಳಿಗೆ ಮುತ್ತು ಬಿದ್ದದ್ದು ಅದಕ್ಕೂ ಮೊದಲು. ಊರಿನ ಕಿರಾಣಿ ಅಂಗಡಿಯಿಂದ ಹಿಡಿದು ಆಸ್ಪತ್ರೆಯ ಚೀಟಿ ಬರೆಸುವ ಕಿಟಕಿಯವರೆಗೆ ಆಕೆಯನ್ನು ಎಲ್ಲರೂ ಏಕವಚನದಲ್ಲೇ ಮಾತಾಡಿಸಿದ್ದರು. ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನೆಲದ ಮೇಲೆ ಕೂರಲು ಬಗ್ಗಿದರು. ನಾನು ಕುರ್ಚಿ ಎಳೆದುಕೊಟ್ಟೆ. ಅಂದು ರಕ್ತ ಪರೀಕ್ಷೆಯ ಬಗ್ಗೆ ಮಾತಾಡಿದ್ದು ಕಡಿಮೆ. ಮುಂದಿನ ವಾರ ಆಕೆ ತಾವಾಗಿಯೇ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದರು.

ಇದು ನಾನು ಕೃಷ್ಣಾ ತೀರದ ಒಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ ಎಚ್‌ಐವಿ ಆಪ್ತ ಸಮಾಲೋಚಕಿಯಾಗಿ ಸೇರಿದ ಮೊದಲ ವರ್ಷದ ಮಾತು, 2009ರದು. ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಓದುವಾಗ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ ನಿಬಂಧನೆಯಿಲ್ಲದ ಗೌರವದ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಕನ್ನಡದಲ್ಲಿ ಆ ಗೌರವ ಮೊದಲು ಕಾಣಿಸುವುದು ಕ್ರಿಯಾಪದದ ಕೊನೆಯಲ್ಲಿ ಎಂದು ನನಗೆ ಹೊಳೆದದ್ದು ಆಕೆ ಹಿಂತಿರುಗಿ ನೋಡಿದಾಗ. ಅಂದಿನಿಂದ ಹದಿನಾರು ವರ್ಷದ ಹುಡುಗಿ ಬಂದರೂ, ಕುಡಿದು ಬಂದವನಿದ್ದರೂ ನನ್ನ ಬಾಯಲ್ಲಿ “ನೀವು” ಎಂದೇ ಬರುತ್ತದೆ. ಒಮ್ಮೆ ಮಾತ್ರ ತಪ್ಪಿತು. ಅದನ್ನು ಮುಂದೆ ಹೇಳುತ್ತೇನೆ. ಇಲ್ಲಿ ಬರುವ ಯಾರ ಗುರುತೂ ಸಿಗಬಾರದೆಂದು ವಯಸ್ಸು, ಕೆಲಸ, ಊರಿನ ವಿವರಗಳನ್ನು ಬದಲಿಸಿದ್ದೇನೆ.

ನನ್ನ ಕೊಠಡಿ ಪ್ರಯೋಗಾಲಯದ ಪಕ್ಕ. ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ಈ ಕಡೆ ಪಿಸುಮಾತಾಡಿದರೂ ಆ ಕಡೆ ಕೇಳುತ್ತಿತ್ತು. ಮೊದಲ ತಿಂಗಳ ಸಂಬಳದಲ್ಲಿ ಸದ್ದು ಮಾಡುವ ಒಂದು ಮೇಜು ಫ್ಯಾನ್ ತಂದು ಗೋಡೆಯ ಬುಡದಲ್ಲಿಟ್ಟೆ. ಮೇಜನ್ನು ಮೂಲೆಗೆ ಸರಿಸಿ ಎರಡು ಕುರ್ಚಿಗಳನ್ನು ಎದುರುಬದುರು ಇಡದೆ ಓರೆಯಾಗಿ ಹಾಕಿದೆ; ಬೇಡವೆನಿಸಿದಾಗ ನನ್ನ ಮುಖ ನೋಡದೆ ಕಿಟಕಿಯ ಆಚೆ ನೋಡುತ್ತ ಮಾತಾಡಬಹುದು. ಗಂಡಸರಿಗೆ ಇದು ಬಹಳ ಬೇಕಾಗುತ್ತದೆ.

ಫಲಿತಾಂಶ ಹೇಳುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಎಚ್‌ಐವಿ ಇದೆ ಎಂದು ಖಚಿತಪಡಿಸಲು ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ಪರೀಕ್ಷೆ ಆಗಬೇಕು. ಅಷ್ಟಾದ ಮೇಲೆ ವರದಿ ನನ್ನ ಕೈಗೆ ಬರುತ್ತಿತ್ತು. ಆರಂಭದಲ್ಲಿ ನಾನು “ಪಾಸಿಟಿವ್” ಎಂದ ಮರುಕ್ಷಣವೇ ಮಾತಿನ ಮಳೆ ಸುರಿಸುತ್ತಿದ್ದೆ. ಈಗ ಒಳ್ಳೆಯ ಔಷಧ ಇದೆ, ಉಚಿತವಾಗಿ ಸಿಗುತ್ತದೆ, ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ನೋಡುವ ಸಿಡಿ4 ಪರೀಕ್ಷೆ ಮಾಡಿಸೋಣ, ಮೊಳಕೆಕಾಳು ತಿನ್ನಿ. ಎಲ್ಲವೂ ನಿಜ, ಎಲ್ಲವೂ ವ್ಯರ್ಥ. ಆ ಒಂದು ಮಾತಿನ ನಂತರ ಎದುರಿನವರ ಕಿವಿಗೆ ಏನೂ ಬೀಳುವುದಿಲ್ಲ. ನಾನು ಮಾತಾಡುತ್ತಿದ್ದದ್ದು ಅವರ ಮೌನವನ್ನು ತಡೆದುಕೊಳ್ಳಲು ನನಗೆ ಆಗದೆ. ಆಮೇಲೆ ಅಭ್ಯಾಸ ಬದಲಿಸಿಕೊಂಡೆ. “ನಿಮ್ಮ ರಕ್ತದಲ್ಲಿ ಎಚ್‌ಐವಿ ಸೋಂಕು ಇರುವುದು ಖಚಿತವಾಗಿದೆ” ಎಂದು ಒಂದೇ ವಾಕ್ಯದಲ್ಲಿ, ತಿಳಿಯುವ ಹಾಗೆ ಹೇಳುತ್ತೇನೆ. ಹೇಳಿ ಸುಮ್ಮನಾಗುತ್ತೇನೆ. ಕಡತ ತಿರುವುವುದಿಲ್ಲ, ಪೆನ್ನು ಹಿಡಿಯುವುದಿಲ್ಲ, ಮೊಬೈಲ್ ಮುಟ್ಟುವುದಿಲ್ಲ.

ಒಬ್ಬ ರೈತರು ಹಾಗೆ ಕುಳಿತವರು ಕೈಯಲ್ಲಿದ್ದ ಹೊರರೋಗಿ ಚೀಟಿಯನ್ನು ಮಡಚಿದರು. ಮತ್ತೆ ಮಡಚಿದರು. ಅದು ಬೆರಳ ಉಗುರಿನಷ್ಟಾಗಿ ಇನ್ನು ಮಡಚಲು ಬಾರದ ಹಾಗಾದಾಗ ತಲೆಯೆತ್ತಿ, “ನಮ್ಮ ಊರಿಗೆ ಕೊನೆಯ ಬಸ್ ಎಷ್ಟಕ್ಕೆ?” ಎಂದು ಕೇಳಿದರು. ಬಸ್ಸಿನ ಹೊತ್ತು ಹೇಳಿ ಕಳಿಸಬಹುದಿತ್ತು. ನಾನು, “ಬಸ್ ಇಳಿದ ಮೇಲೆ ಎಲ್ಲಿಗೆ ಹೋಗುತ್ತೀರಿ?” ಎಂದೆ. “ಹೊಲಕ್ಕೆ” ಎಂದರು. ಸಂಜೆ ಏಳರ ಮೇಲೆ ಹೊಲದಲ್ಲಿ ಏನು ಕೆಲಸ? ನೇರವಾಗಿ ಕೇಳಿದೆ: “ಸಾಯಬೇಕು ಎನ್ನಿಸುತ್ತಿದೆಯೇ?” ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಎಂದು ಹೆದರುವವರು ಬಹಳ ಮಂದಿ. ಹಾಗಾಗುವುದಿಲ್ಲ. ಒಳಗೆ ಅದುಮಿಟ್ಟದ್ದನ್ನು ಹೇಳಲು ದಾರಿ ಸಿಗುತ್ತದೆ, ಅಷ್ಟೆ. ಅವರು ಅತ್ತರು. ಹೊಲಕ್ಕೆ ಹೊಡೆಯುವ ಎಣ್ಣೆ ಎಲ್ಲಿದೆ ಎಂದು ವಿಚಾರಿಸಿದೆ. ಅವರ ಎದುರೇ, ಅವರ ಒಪ್ಪಿಗೆ ಪಡೆದೇ ಅವರ ತಮ್ಮನಿಗೆ ಫೋನ್ ಮಾಡಿದೆ. ರೋಗದ ಹೆಸರೆತ್ತದೆ, “ಅಣ್ಣನಿಗೆ ಮನಸ್ಸು ಸರಿಯಿಲ್ಲ, ಇವತ್ತು ಒಬ್ಬರನ್ನೇ ಬಿಡಬೇಡಿ, ಆ ಡಬ್ಬಿಯನ್ನು ಬೇರೆಯವರ ಮನೆಯಲ್ಲಿಡಿ” ಎಂದಷ್ಟೇ ಹೇಳಿದೆ. ಮರುದಿನ ಇಬ್ಬರೂ ಬಂದರು. ಈಗಾದರೆ ರಾತ್ರಿ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಡುತ್ತೇನೆ; ಆ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು.

ಇನ್ನು ನಾನು ತಪ್ಪಿದ ಕಥೆ.

ನಮ್ಮ ಕಡೆ ಹೆಂಗಸರು ಎರಡನೆಯ ಭೇಟಿಗೇ “ಅಕ್ಕಾರೇ” ಎನ್ನುತ್ತಾರೆ. ತರಬೇತಿಯಲ್ಲಿ ವೃತ್ತಿಯ ಗಡಿಯ ಬಗ್ಗೆ ಎಚ್ಚರಿಸಿದ್ದರು. ಹಾಗೆಂದು “ಅಕ್ಕ ಎನ್ನಬೇಡಿ” ಎಂದರೆ ತೆರೆದ ಬಾಗಿಲನ್ನು ಮುಖಕ್ಕೆ ಹಾಕಿದ ಹಾಗೆ. ಕರೆಸಿಕೊಂಡೆ, ತಪ್ಪು ಅದರಲ್ಲಿ ಇರಲಿಲ್ಲ. ಒಬ್ಬ ತರುಣಿ, ಗಂಡ ತೀರಿಕೊಂಡವರು, ತಿಂಗಳು ತಿಂಗಳು ಮಾತ್ರೆಗೆ ಬರುತ್ತಿದ್ದರು. ನಮ್ಮ ಕೇಂದ್ರ ಎಚ್‌ಐವಿ ಮಾತ್ರೆ ವಿತರಿಸುವ ಲಿಂಕ್ ಎಆರ್‌ಟಿ ಕೇಂದ್ರವೂ ಆಗಿದ್ದರಿಂದ ಉಳಿದ ಮಾತ್ರೆಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಆಗ ದಿನಕ್ಕೆ ಎರಡು ಹೊತ್ತು, ಹನ್ನೆರಡು ಗಂಟೆಗಳ ಅಂತರದಲ್ಲಿ ನುಂಗಬೇಕಿತ್ತು. ನುಂಗಿದ ಮಾತ್ರೆ ನೂರಕ್ಕೆ ತೊಂಬತ್ತೈದಕ್ಕಿಂತ ಕಡಿಮೆಯಾದರೆ ವೈರಾಣು ಔಷಧಕ್ಕೆ ಮಣಿಯದ ಹಾಗಾಗುವ ಅಪಾಯ. 2011ರ ಶ್ರಾವಣದಲ್ಲಿ ಆಕೆಯ ಡಬ್ಬಿಯಲ್ಲಿ ಹದಿನಾಲ್ಕು ಮಾತ್ರೆ ಹೆಚ್ಚು ಉಳಿದಿದ್ದವು. ನನಗೆ ಸಿಟ್ಟು ಬಂತು, ನಿಜವಾದ ಅಕ್ಕನಿಗೆ ಬರುವಂಥದೇ ಸಿಟ್ಟು. “ಏಕೆ ತಪ್ಪಿಸಿದೆ? ಗಂಡನನ್ನು ಕಳೆದುಕೊಂಡದ್ದು ಸಾಲದೇ? ಮಕ್ಕಳ ಮುಖವನ್ನಾದರೂ ನೋಡಬಾರದೇ?” ಎಂದುಬಿಟ್ಟೆ. ಏಕವಚನ ಅಲ್ಲಿ ಜಾರಿತ್ತು. ಆಕೆ ತಲೆ ತಗ್ಗಿಸಿ, “ತಪ್ಪಾಯಿತು ಅಕ್ಕಾರೇ” ಎಂದು ಮಾತ್ರೆ ಪಡೆದು ಹೋದವರು ಮೂರು ತಿಂಗಳು ಬರಲಿಲ್ಲ. ಬಂದಾಗ ಕೆಮ್ಮು, ಜ್ವರ. ಕಫ ಪರೀಕ್ಷೆಯಲ್ಲಿ ಕ್ಷಯ ಕಂಡಿತು.

ಕ್ಷಯದ ಚಿಕಿತ್ಸೆ ಹಿಡಿದು ಸುಧಾರಿಸಿಕೊಂಡ ಮೇಲೆ ಆ ಹದಿನಾಲ್ಕು ಮಾತ್ರೆಗಳ ಕಥೆ ಹೊರಬಂತು. ಪಂಚಮಿಗೆ ಅಣ್ಣ ಬಂದು ತವರಿಗೆ ಕರೆದೊಯ್ದಿದ್ದ. ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳಿಲ್ಲ. ಏಳು ದಿನ. ಮನೆ ಒಂದೇ ಅಂಕಣದ್ದು. ಅತ್ತಿಗೆ, ಮಕ್ಕಳು, ಉಂಡೆ ಕಟ್ಟಲು ಬಂದ ಓಣಿಯ ಹೆಂಗಸರು. ಡಬ್ಬಿ ಅಲ್ಲಾಡಿದರೆ ಗಲಗಲ ಎನ್ನುತ್ತದೆ ಎಂದು ಆಕೆ ಬಸ್ಸಿನಲ್ಲೇ ಸೀರೆಯ ಚೂರು ತುರುಕಿ ಸದ್ದು ಅಡಗಿಸಿದ್ದರು. ಟ್ರಂಕಿನ ತಳದಲ್ಲಿಟ್ಟ ಆ ಡಬ್ಬಿಯನ್ನು ಏಳು ದಿನವೂ ತೆಗೆಯಲಾಗಲಿಲ್ಲ. ಇದನ್ನು ಆಕೆ ನನಗೆ ಅಂದೇ ಹೇಳುತ್ತಿದ್ದರು, ನಾನು ಬೇರೆ ಪ್ರಶ್ನೆ ಕೇಳಿದ್ದರೆ. “ಏಕೆ” ಎಂಬ ಪ್ರಶ್ನೆ ನಮ್ಮ ಕಿವಿಗೆ ತಪ್ಪಿತಸ್ಥರನ್ನು ಕೇಳಿದ ಹಾಗೆ ಬೀಳುತ್ತದೆ. ಶಾಲೆಯಲ್ಲಿ, ಮನೆಯಲ್ಲಿ, ಠಾಣೆಯಲ್ಲಿ ಅದನ್ನು ಕೇಳಿಯೇ ಬೆಳೆದವರು ನಾವು. ಅದಕ್ಕೆ ಉತ್ತರ ಬರುವುದಿಲ್ಲ, ಕ್ಷಮೆ ಬರುತ್ತದೆ.

ಅಂದಿನಿಂದ ನಾನು ಎಲ್ಲಿ, ಯಾವಾಗ, ಯಾರು, ಹೇಗೆ ಎಂದು ಕೇಳುತ್ತೇನೆ. ಮಾತ್ರೆ ಮನೆಯಲ್ಲಿ ಎಲ್ಲಿಡುತ್ತೀರಿ? ಬೆಳಿಗ್ಗೆ ನೀರು ಕುಡಿಯುವಾಗ ಪಕ್ಕದಲ್ಲಿ ಯಾರಿರುತ್ತಾರೆ? ಈ ತಿಂಗಳು ಮದುವೆ, ಜಾತ್ರೆ, ಕಬ್ಬು ಕಡಿಯಲು ಹೋಗುವುದು ಏನಾದರೂ ಇದೆಯೇ? ಗೋಡೆಯ ಕ್ಯಾಲೆಂಡರ್ ಇಳಿಸಿ ಇಬ್ಬರೂ ಹಬ್ಬಗಳಿಗೆ ಗುರುತು ಹಾಕುತ್ತೇವೆ. ಮರುವರ್ಷದ ಪಂಚಮಿಗೆ ಆಕೆ ತವರಿನಲ್ಲಿ ಬೇಕಾಗುವಷ್ಟು ಮಾತ್ರೆಗಳನ್ನು ಒಂದು ಪುಟ್ಟ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಹೋದರು. ಅತ್ತಿಗೆ ಕೇಳಿದರೆ “ರಕ್ತ ಕಡಿಮೆ ಇದೆ, ಅದಕ್ಕೆ” ಎಂಬ ಉತ್ತರವನ್ನೂ ಆಕೆಯೇ ಹುಡುಕಿಕೊಂಡಿದ್ದರು. ಒಂದು ಮಾತ್ರೆಯೂ ಹೆಚ್ಚು ಉಳಿಯಲಿಲ್ಲ.

ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಬಸ್ಸಿಗೆಂದು, ಮಗುವಿನ ಪುಸ್ತಕಕ್ಕೆಂದು ನೂರು ಇನ್ನೂರು ಕೈಯಿಂದ ಕೊಟ್ಟದ್ದುಂಟು. ತೀರಿಸಲಾಗದೆ ನಾಚಿ, ಔಷಧಕ್ಕೂ ಬಾರದೆ ಉಳಿದವರನ್ನು ಕಂಡ ಮೇಲೆ ನಿಲ್ಲಿಸಿದೆ. ಅದೇ ಹೊತ್ತನ್ನು ವಿಧವಾ ವೇತನದ ಅರ್ಜಿ ತುಂಬಿಸಲು, ಪಡಿತರ ಚೀಟಿಗೆ ಯಾರನ್ನು ಕಾಣಬೇಕೆಂದು ತಿಳಿಸಲು ಕೊಡುತ್ತೇನೆ. ನೂರು ರೂಪಾಯಿ ಕೈಯಲ್ಲಿದ್ದೂ ಕೊಡದೆ ಕೂರುವುದು ಇಂದಿಗೂ ಕಷ್ಟವೇ.

ನನ್ನನ್ನು ಬಹಳ ಕಾಡಿದ್ದು 2019ರ ಒಂದು ಪ್ರಸಂಗ. ಗೋವಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದವರೊಬ್ಬರು ಪರೀಕ್ಷೆಯಲ್ಲಿ ಪಾಸಿಟಿವ್ ಆದರು. ಮೂವತ್ತರ ಆಸುಪಾಸು. “ಹೆಂಡತಿಗೆ ಹೇಳಬೇಡಿ, ಅಕ್ಕಾರೇ” ಎಂದು ಕಾಲು ಹಿಡಿಯಲು ಬಂದರು. 2017ರಲ್ಲಿ ಆದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿತ್ತು. ಸೋಂಕಿತರ ಒಪ್ಪಿಗೆಯಿಲ್ಲದೆ ಗುಟ್ಟು ಬಿಡುವಂತಿಲ್ಲ. ಸಂಗಾತಿಗೆ ನಿಜವಾದ ಅಪಾಯವಿದ್ದು, ತಿಳಿಹೇಳಿದರೂ ವ್ಯಕ್ತಿ ತಾನಾಗಿ ಹೇಳುವುದಿಲ್ಲವೆಂದು ಮನವರಿಕೆಯಾಗಿ, “ನಾವು ಹೇಳುತ್ತೇವೆ” ಎಂದು ಮೊದಲೇ ಅವರಿಗೆ ತಿಳಿಸಿದರೆ ಮಾತ್ರ ವೈದ್ಯರಾಗಲಿ ಸಮಾಲೋಚಕರಾಗಲಿ ಸಂಗಾತಿಗೆ ತಿಳಿಸಬಹುದು. ಸೋಂಕಿತೆ ಹೆಣ್ಣಾಗಿದ್ದು, ತಿಳಿದರೆ ಹೊಡೆತವೋ ಮನೆಯಿಂದ ಹೊರಹಾಕುವುದೋ ಕಾದಿದೆ ಎಂಬ ಭಯವಿದ್ದರೆ ಅದೂ ಇಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಆದರೆ ಆ ದಿನಗಳನ್ನು ಕಳೆಯಬೇಕಾದವರು ನಾವು.

ನಾಲ್ಕು ಸಲ ಕರೆಸಿದೆ. ಕಾಂಡೋಮ್ ಬಳಸುವುದನ್ನು ಮೊದಲ ದಿನವೇ ಹೇಳಿಕೊಟ್ಟೆ. ಅಷ್ಟರಲ್ಲಿ ಸಿಡಿ4 ಎಷ್ಟೇ ಇದ್ದರೂ ಚಿಕಿತ್ಸೆ ಕೊಡುವ ನೀತಿ ಬಂದಿದ್ದರಿಂದ ಮಾತ್ರೆಯೂ ಶುರುವಾಯಿತು. ಮೂರನೆಯ ಸಲ, “ನಾನೇ ನಿಮ್ಮ ಹೆಂಡತಿ ಎಂದುಕೊಳ್ಳಿ, ಹೇಳಿ ನೋಡೋಣ” ಎಂದೆ. ಅವರು ನನ್ನ ಕಡೆ ತಿರುಗಿದರು, ಬಾಯಿ ತೆರೆದರು, ಮಾತು ಹೊರಡಲಿಲ್ಲ. ಎದ್ದು ಹೋಗಿ ಹೊರಗಿನ ನಲ್ಲಿಯಲ್ಲಿ ಮುಖ ತೊಳೆದು ಬಂದರು. ಮತ್ತೆ ಪ್ರಯತ್ನಿಸಿದರು. ಅಂದೇ, ಐದನೆಯ ಪ್ರಯತ್ನಕ್ಕೆ ವಾಕ್ಯ ಪೂರ್ತಿಯಾಯಿತು: “ನನಗೆ ಒಂದು ರೋಗ ಅಂಟಿದೆ, ಅದು ನನ್ನ ತಪ್ಪಿನಿಂದ, ನೀನು ಪರೀಕ್ಷೆ ಮಾಡಿಸಿಕೊಳ್ಳಬೇಕು.” ಎರಡು ದಿನ ಬಿಟ್ಟು ಹೆಂಡತಿಯೊಂದಿಗೆ ಬಂದರು. ದಾರಿಯಲ್ಲೇ ಹೇಳಿಬಿಟ್ಟಿದ್ದರು.

ಆಕೆ ಅಳಲಿಲ್ಲ. ನಾನು ಪರೀಕ್ಷೆಯ ಬಗ್ಗೆ ಹೇಳಿದ್ದನ್ನು ಪೂರ್ತಿ ಕೇಳಿ, ಗಂಡನ ಕಡೆ ತಿರುಗಿ, “ಗೊತ್ತಾಗಿ ಎಷ್ಟು ದಿನವಾಯಿತು?” ಎಂದರು. ಅವರು “ಇಪ್ಪತ್ತಾರು” ಎಂದರು. ಆಕೆ ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿದರು. ಆ ಇಪ್ಪತ್ತಾರು ದಿನಗಳ ನಡುವೆ ಆಕೆ ಆಸ್ಪತ್ರೆಗೆ ತಮ್ಮ ಮಗುವಿಗೆ ಲಸಿಕೆ ಹಾಕಿಸಲು ಒಮ್ಮೆ ಬಂದಿದ್ದರು. ಜಗಲಿಯಲ್ಲಿ ನನ್ನನ್ನು ನೋಡಿ ನಕ್ಕಿದ್ದರು, ನಾನೂ ನಕ್ಕಿದ್ದೆ. ಎಣಿಸುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. “ಅಂದು ನಿಮಗೂ ಗೊತ್ತಿತ್ತು ಅಲ್ಲವೇ, ಅಕ್ಕಾರೇ?”

“ಹೌದು, ಗೊತ್ತಿತ್ತು” ಎಂದೆ. ಕಾಯ್ದೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಆಕೆ ಕೇಳಿದ್ದು ಕಾಯ್ದೆಯನ್ನಲ್ಲ.

ಪರೀಕ್ಷೆಯಲ್ಲಿ ಆಕೆಗೆ ಸೋಂಕಿರಲಿಲ್ಲ. ಸೋಂಕು ತಗಲಿದ್ದರೂ ಆರಂಭದಲ್ಲಿ ಪರೀಕ್ಷೆಗೆ ಸಿಗದಿರಬಹುದಾದ್ದರಿಂದ ಮೂರು ತಿಂಗಳ ನಂತರ ಮತ್ತೆ ಬರಲು ಹೇಳಿದೆ. ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಹೇಳಿದ ದಿನಕ್ಕೆ ಬಂದರು, ಕುರ್ಚಿಯ ಅಂಚಿನಲ್ಲಿ ಕುಳಿತು ಕಾರ್ಡು ಮುಂದಿಟ್ಟು “ಮೇಡಂ, ರಕ್ತ ಕೊಡಬೇಕಿತ್ತು” ಎಂದರು. ಆ ಸಲವೂ ಸೋಂಕಿರಲಿಲ್ಲ. ಆಮೇಲೆ ಆರು ತಿಂಗಳಿಗೊಮ್ಮೆ ಬರುತ್ತಿದ್ದಾರೆ. ಗಂಡನ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದಿದೆ. ಹಾಗಿರುವವರೆಗೆ ಲೈಂಗಿಕ ಸಂಪರ್ಕದಿಂದ ಅದು ಹರಡುವುದಿಲ್ಲ ಎಂದು ಇಬ್ಬರನ್ನೂ ಕೂರಿಸಿ ವಿವರಿಸಿದ್ದೇನೆ. ಆಕೆ ಪ್ರಶ್ನೆ ಕೇಳುತ್ತಾರೆ, ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳುತ್ತಾರೆ. ಕಳೆದ ಸಲ ಓಣಿಯ ಒಬ್ಬ ಗರ್ಭಿಣಿಯನ್ನು ಕರೆತಂದು, “ಏನಿದ್ದರೂ ಇವರ ಹತ್ತಿರ ಹೇಳು, ಹೊರಗೆ ಹೋಗುವುದಿಲ್ಲ” ಎಂದು ಬಾಗಿಲಲ್ಲಿ ಬಿಟ್ಟು ಹೋದರು. ನನಗೆ ಮಾತ್ರ, ಹೋಗುವ ಮುನ್ನ, “ಬರುತ್ತೇನೆ ಮೇಡಂ” ಎಂದರು.