ಕಲಿಸುವ ಕೆಲಸದಿಂದಲೇ ಹೊಟ್ಟೆ ಹೊರೆದುಕೊಂಡ ಬಗೆ

ಸೌರ ವಿದ್ಯುತ್ ಕೆಲಸ ಕಲಿಸಿಯೇ ಬದುಕುತ್ತೇನೆ ಎಂದಾಗ ಜೊತೆಯ ಎಲೆಕ್ಟ್ರಿಷಿಯನ್‌ಗಳು ನಕ್ಕಿದ್ದರು. 'ಪ್ಯಾನೆಲ್ ಕೂರಿಸಿದರೆ ದುಡ್ಡು, ಕೂರಿಸುವುದನ್ನು ಹೇಳಿಕೊಟ್ಟರೆ ಏನು ಸಿಗುತ್ತದೆ?' ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು.

ಮೊದಲ ತಂಡದಲ್ಲಿ 24 ಜನ. ಮೂರು ತಿಂಗಳ ಪಾಠ, ಅದರಲ್ಲಿ ಅರ್ಧ ಪರದೆಯ ಮೇಲೆ. ಸಭಾಂಗಣದ ಬಾಡಿಗೆಗೂ ಪ್ರೊಜೆಕ್ಟರಿಗೂ ನನ್ನ ಉಳಿತಾಯದ ಮುಕ್ಕಾಲು ಪಾಲು ಕರಗಿತು. ಎಲ್ಲರೂ ಪಾಸಾದರು. ಆರು ತಿಂಗಳ ನಂತರ ವಿಚಾರಿಸಿದರೆ ಕೆಲಸದಲ್ಲಿ ಉಳಿದವರು ಐದೇ ಜನ. ಮೊಬೈಲ್ ಮಾರುತ್ತಿದ್ದ ಒಬ್ಬ ಹೆಮ್ಮೆಯಿಂದ ಹೇಳಿದ: 'ಸರ್, ಓಮ್‌ನ ನಿಯಮ ಈಗಲೂ ಬಾಯಿಪಾಠ ಇದೆ.' ಎರಡನೆಯ ತಂಡದ ಖರ್ಚನ್ನು ಒಂದು ಸಂಸ್ಥೆ ತಲೆಲೆಕ್ಕದಲ್ಲಿ ಕೊಡುವುದೆಂದು ಒಪ್ಪಂದವಾಗಿತ್ತು. ಕೊನೆಯ ಕಂತು ಕೈಸೇರಲು ಹನ್ನೊಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಸಾಲದ ಬಡ್ಡಿ ಲಾಭವನ್ನೆಲ್ಲ ನುಂಗಿತ್ತು.

ಆಮೇಲೆ ಪಾಠ ಬಿಟ್ಟು ಗುತ್ತಿಗೆದಾರರ ಬಾಗಿಲು ಸುತ್ತಿದೆ. 'ಎಷ್ಟು ಜನ ಬೇಕು?' ಎಂದರೆ ಎಲ್ಲರೂ 'ಬೇಕು, ಬೇಕು' ಎನ್ನುತ್ತಾರೆ, ಒಬ್ಬರೂ ಸೇರಿಸಿಕೊಳ್ಳುವುದಿಲ್ಲ. 'ಯಾವ ಕೆಲಸವನ್ನು ಎರಡನೆಯ ಸಲ ಮಾಡಬೇಕಾಗಿ ಬಂದಿದೆ?' ಎಂದು ಕೇಳಿದಾಗ ಮಾತ್ರ ದೂರಿನ ಪುಸ್ತಕ ಹೊರಬಂತು. ಏಳೆಂಟು ಪುಸ್ತಕ ತಿರುವಿ ಹಾಕಿದೆ. ಅರ್ಧಕ್ಕಿಂತ ಹೆಚ್ಚು ದೂರುಗಳ ಮೂಲ ಮೂರ್ನಾಲ್ಕೇ: ಸಡಿಲ ಕ್ರಿಂಪ್ (ತಂತಿಯ ತುದಿಗೆ ಲೋಹದ ತುಣುಕನ್ನು ಒತ್ತಿ ಕೂರಿಸಿದ ಜೋಡಣೆ), ಬೇರೆ ಬೇರೆ ಕಂಪನಿಯ ಕನೆಕ್ಟರ್‌ಗಳ ಜೋಡಿ, ಬಿಗಿಯಿಲ್ಲದ ಅರ್ತ್ ಬೋಲ್ಟ್, ಜಂಕ್ಷನ್ ಬಾಕ್ಸಿನೊಳಗೆ ನೀರು. ಕನೆಕ್ಟರ್ ಅಂತೂ ಕ್ಲಿಕ್ ಎಂದು ಕೂರುತ್ತದೆ, ಬಿಸಿಯಾಗಿ ಕರಗುವುದು ಎಷ್ಟೋ ತಿಂಗಳ ನಂತರ.

ಈ ನಾಲ್ಕನ್ನೇ ಪಾಠವಾಗಿಸಿ ಅವಧಿಯನ್ನು ಐದು ವಾರಕ್ಕೆ ಇಳಿಸಿದೆ. ಗುತ್ತಿಗೆದಾರರು ಮೂಲೆಗೆಸೆದಿದ್ದ ಪ್ಯಾನೆಲ್‌ಗಳನ್ನು ಪುಕ್ಕಟೆ ಹೊತ್ತು ತಂದೆ. ಗಾಜು ಒಡೆದವು ಮೌಂಟಿಂಗ್ ಅಭ್ಯಾಸಕ್ಕೆ ಮಾತ್ರ, ಅವುಗಳಿಗೆ ವಿದ್ಯುತ್ ಸಂಪರ್ಕವಿಲ್ಲ. ಸುಸ್ಥಿತಿಯಲ್ಲಿರುವವನ್ನೂ ಎರಡಕ್ಕಿಂತ ಹೆಚ್ಚು ಸರಣಿಯಲ್ಲಿ ಸೇರಿಸುವುದಿಲ್ಲ; ಕಲಿಯುವವರ ಕೈಗೆ ತೊಂಬತ್ತು ವೋಲ್ಟೇ ಸಾಕು.

ಮೊದಲ ದಿನ ಮಾತೇ ಇಲ್ಲ. ಒಬ್ಬೊಬ್ಬರೂ 4 ಚದರ ಮಿಲಿಮೀಟರ್ ಕೇಬಲ್ ಸುಲಿದು, ಕ್ರಿಂಪ್ ಮಾಡಿ, ಎರಡೂ ಕೈಯಿಂದ ಎಳೆಯಬೇಕು. ಅರ್ಧದಷ್ಟು ಕಿತ್ತು ಬರುತ್ತವೆ. ಇಕ್ಕಳದಲ್ಲಿ ಒತ್ತಿದ್ದರಂತೂ ತಾಮ್ರದ ಎಳೆಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರುತ್ತವೆ. ಹತ್ತು ವರ್ಷ ವೈರಿಂಗ್ ಮಾಡಿದವರ ಮುಖ ಆಗ ನೋಡಬೇಕು! ಇಲ್ಲೂ ಹಣ ಕಳೆದಿದ್ದೇನೆ: ಅಗ್ಗದ ಕ್ರಿಂಪಿಂಗ್ ಉಪಕರಣ ಆರು ಕೊಂಡೆ, ಕೆಲವೇ ನೂರು ಒತ್ತುಗಳಿಗೆ ಹಲ್ಲು ಸವೆದವು. ಒಳ್ಳೆಯವು ಮೂರು ಕೊಂಡಿದ್ದರೆ ಸಾಕಿತ್ತು.

ಪ್ಯಾನೆಲ್ ಕೊಡುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್; ಅದು ಹರಿಯುವಾಗ ಕನೆಕ್ಟರ್ ಬಿಚ್ಚಿದರೆ ಏಳುವ ಕಿಡಿ ಸುಲಭಕ್ಕೆ ತಾನಾಗಿ ಆರುವುದಿಲ್ಲ. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಕ್ಲ್ಯಾಂಪ್ ಮೀಟರ್ ಸೊನ್ನೆ ತೋರಿಸದೆ ಕನೆಕ್ಟರ್ ಬಿಚ್ಚಬಾರದು ಎಂಬುದನ್ನು ದಿನಕ್ಕೆ ನಲವತ್ತು ಸಲ ಮಾಡಿಸುತ್ತೇನೆ. ಬೈಯುತ್ತಾರೆ, ಬೈಯಲಿ.

ಜನ ನಂಬದಿದ್ದದ್ದು ಶುಲ್ಕದ ಲೆಕ್ಕವನ್ನು. ಕಲಿಯುವವರಿಂದ ಏನೂ ಇಲ್ಲ. ನನ್ನ ಹುಡುಗ ಅಥವಾ ಹುಡುಗಿ 90 ದಿನ ಕೆಲಸದಲ್ಲಿ ಉಳಿದರೆ ಗುತ್ತಿಗೆದಾರ ಒಂದು ತಿಂಗಳ ಸಂಬಳದಷ್ಟನ್ನು ನನಗೆ ಕೊಡಬೇಕು. 'ನಾಮ ಹಾಕುತ್ತಾರೆ' ಎಂದರು. ಹತ್ತರಲ್ಲಿ ಇಬ್ಬರು ಹಾಕಿದರು ನಿಜ, ಆದರೂ ಆ ನಷ್ಟ ಹಿಂದೆ ಕಟ್ಟಿದ ಬಡ್ಡಿಗಿಂತ ಕಡಿಮೆ. ಈಗ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದ್ದೇನೆ, ಯಾರೂ ಬಾಕಿ ಉಳಿಸುವುದಿಲ್ಲ. ಆ ಸಾಲು ನನ್ನಲ್ಲೇ ಇರಲಿ. ಜನರನ್ನು ಆರಿಸುವಾಗ ಕೇಳುವ ಒಂದು ಪ್ರಶ್ನೆಯೂ ಅಷ್ಟೇ.

ನಡುವೆ ಪವನ ವಿದ್ಯುತ್ತಿನ ಹುಚ್ಚೂ ಹಿಡಿದಿತ್ತು. ಹನ್ನೆರಡು ಜನರನ್ನು ಏಣಿ ಹತ್ತಿಸಿದರೆ ನಾಲ್ವರು ಅರ್ಧದಲ್ಲೇ ಇಳಿದರು. ಪವನ ವಿದ್ಯುತ್ ಕಂಪನಿಗಳ ಕೂಟವಾದ ಗ್ಲೋಬಲ್ ವಿಂಡ್ ಆರ್ಗನೈಸೇಷನ್‌ನ ಮೂಲ ಸುರಕ್ಷತಾ ತರಬೇತಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಂಥ ಕೇಂದ್ರ ಕಟ್ಟುವಷ್ಟು ದೊಡ್ಡ ಜೇಬು ನನ್ನದಲ್ಲ. ಕೈಬಿಟ್ಟೆ.

ಕಳೆದ ತಂಡದ ಹದಿನಾರು ಜನರಲ್ಲಿ ಹದಿಮೂರು ಜನ ತೊಂಬತ್ತು ದಿನ ದಾಟಿದರು. ಹಿಂದೆ ನಕ್ಕವರಲ್ಲಿ ಒಬ್ಬರು ಈ ಸಲ ತಮ್ಮ ಮಗನನ್ನೇ ಕಳಿಸಿದ್ದಾರೆ. ಮೊದಲ ದಿನ ಅವನು ಅಪ್ಪನ ಇಕ್ಕಳ ತಂದಿದ್ದ. ಎಳೆದ ಕೂಡಲೇ ಕೇಬಲ್ ಕೈಗೆ ಬಂತು.