ಪಾತ್ರೆ ತೊಳೆಯುತ್ತಾ ಕಲಿತ ಜಪುಜಿ

ತಮ್ಮನಿಗೂ ನನಗೂ ಹೊಲದ ಜಗಳ. ಕೋರ್ಟಿಗೆ ಹೋಗಿ ನಾಲ್ಕು ವರ್ಷ ಆಯ್ತು. ಶುರುವಿನಲ್ಲಿ ದಿನಾ ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಅವನು ಅಂದ ಮಾತು, ನಾನು ಅನ್ನಬೇಕಿದ್ದ ಮಾತು, ಎರಡೂ ತಲೆಯಲ್ಲಿ ಸುತ್ತುತ್ತಿದ್ದವು. ಕಣ್ಣು ಮುಚ್ಚಿ ಕೂತು ಉಸಿರು ಎಣಿಸಿ ನೋಡಿದೆ. ಹತ್ತು ಎಣಿಸುವಷ್ಟರಲ್ಲಿ ವಕೀಲರ ಫೀಸು ನೆನಪಾಗುತ್ತಿತ್ತು.

ನಾನು ಬೀದರಿನವನು. ಗುರು ನಾನಕರು ಇಲ್ಲಿಗೆ ಬಂದಾಗ ಕಲ್ಲು ಸರಿಸಿ ಸಿಹಿನೀರು ಹರಿಸಿದರು ಅನ್ನೋ ಕತೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆ ನಾನಕ್ ಝೀರಾ ಗುರುದ್ವಾರಕ್ಕೆ ಚಿಕ್ಕಂದಿನಿಂದ ಹೋಗಿದ್ದೇನೆ, ಆದರೆ ಬರೀ ಊಟಕ್ಕೆ!

ಒಂದು ಭಾನುವಾರ ಎಲ್ಲರಿಗೂ ಉಚಿತವಾಗಿ ಊಟ ಹಾಕುವ ಲಂಗರ್‌ನಲ್ಲಿ ಉಂಡು ಎದ್ದಾಗ ಪಾತ್ರೆ ತೊಳೆಯಲು ಜನ ಕಡಿಮೆ ಇದ್ದರು. ಸುಮ್ನೆ ಹೋಗಿ ನಿಂತೆ. ಖಾನೆಗಳಿರುವ ಸ್ಟೀಲ್ ತಟ್ಟೆಗಳು. ಮೂಲೆಯಲ್ಲಿ ದಾಲ್ ಒಣಗಿ ಅಂಟಿರುತ್ತೆ, ಬೆರಳು ಹಾಕಿಯೇ ತೆಗೆಯಬೇಕು. ತಟ್ಟೆಗಳ ಸದ್ದು ಎಷ್ಟಿತ್ತು ಅಂದ್ರೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಆ ಒಂದು ಗಂಟೆ ತಮ್ಮನ ಮಾತೂ ಕೇಳಿಸಲಿಲ್ಲ.

ಪಕ್ಕದಲ್ಲಿದ್ದ ವಯಸ್ಸಾದ ಸರದಾರ್ಜಿಯ ತುಟಿ ಅಲ್ಲಾಡುತ್ತಲೇ ಇತ್ತು. ಆಮೇಲೆ ಕೇಳಿದೆ. ಜಪುಜಿ ಅಂದರು, ಗುರು ನಾನಕರು ರಚಿಸಿದ, ಸಿಖ್ಖರು ಬೆಳಗ್ಗೆ ಹೇಳುವ ಪ್ರಾರ್ಥನೆ. ಮುಂದಿನ ವಾರ ದೇವನಾಗರಿಯಲ್ಲಿರುವ ಗುಟಕಾ, ಅಂದ್ರೆ ಪ್ರಾರ್ಥನೆಯ ಪುಟ್ಟ ಪುಸ್ತಕ, ತಂದುಕೊಟ್ಟರು. ಬಟ್ಟೆಯಲ್ಲಿ ಸುತ್ತಿಡಬೇಕು, ಕೈ ತೊಳೆದೇ ಮುಟ್ಟಬೇಕು.

ಅದರಲ್ಲಿ 38 ಪೌಡಿಗಳಿವೆ. ಪೌಡಿ ಅಂದ್ರೆ ಮೆಟ್ಟಿಲು. ವಾರಕ್ಕೊಂದು ಮೆಟ್ಟಿಲು ಅಂತ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತೆ. ಮುಗಿಸಲು ಒಂಬತ್ತು ತಿಂಗಳು ಬೇಕಾಯ್ತು. ಮೊದಲನೆಯ ಮೆಟ್ಟಿಲಲ್ಲೇ ಸಿಕ್ಕಿಬಿದ್ದಿದ್ದೆ. ಎಷ್ಟು ಹೊತ್ತು ಮೌನವಾಗಿ ಕೂತರೂ ಒಳಗೆ ಮೌನ ಬರಲ್ಲ ಅಂತ ಗುರು ನಾನಕರು ಅಲ್ಲೇ ಹೇಳಿಬಿಟ್ಟಿದ್ದಾರೆ. ಉಸಿರು ಎಣಿಸಿ ಸೋತವನಿಗೆ ನಗು ಬಂತು. ಹಾಗಾದ್ರೆ ದಾರಿ ಯಾವುದು? ಹುಕುಂನಂತೆ, ಅಂದ್ರೆ ದೇವರ ಆಜ್ಞೆಯಂತೆ, ನಡೆಯೋದು. ಹುಕುಂ ಅಂದ ಕೂಡಲೇ ನನಗೆ ನೆನಪಾಗಿದ್ದು ಬಗರ್ ಹುಕುಂ ಅರ್ಜಿ! ಹೊಲ ಬಿಟ್ಟುಕೊಡಬೇಕಾ ಅಂತ ಸರದಾರ್ಜಿಯನ್ನು ಕೇಳಿದೆ. ಅವರೂ ಇಲ್ಲೇ ಹುಟ್ಟಿದವರು.

"ಕೇಸ್ ಬಿಡು ಅಂತ ಯಾರ್ ಅಂದ್ರು ಬೇಟಾ? ತಾರೀಖಿಗಿ ಹೋಗು. ತೀರ್ಪು ನಿನ್ನ ಕೈದಾಗ ಇಲ್ಲ, ಅಷ್ಟೇ."

ಈಗ ಬೆಳಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ ಓದುತ್ತೇನೆ. ಇಪ್ಪತ್ತೈದು ನಿಮಿಷ. ಆಗದ ದಿನ ಅಂಗಡಿಗೆ ನಡೆಯುತ್ತಾ ವಾಹೆಗುರು ಅಂತ ದೇವರ ಹೆಸರು ಅಂದುಕೊಳ್ಳುತ್ತೇನೆ. ಬಸವಕಲ್ಯಾಣ ಇರೋ ಜಿಲ್ಲೆ ನಮ್ಮದು. ಕಾಯಕ, ದಾಸೋಹ ಕೇಳಿಕೊಂಡೇ ಬೆಳೆದವನಿಗೆ ದುಡಿದು ತಿನ್ನು, ಹಂಚಿ ತಿನ್ನು ಅನ್ನೋ ಸಿಖ್ಖರ ಮಾತು ಹೊಸದಲ್ಲ. ಹೊಸದಾಗಿದ್ದು ಕೈ ಚಾಚೋದು. ಲಂಗರ್‌ನಲ್ಲಿ ರೊಟ್ಟಿಗೆ ಪ್ರಶಾದಾ ಅಂತಾರೆ, ಎರಡೂ ಕೈ ಒಡ್ಡಿ ತಗೋಬೇಕು. ಮನೆಗೆ ಹಿರಿಮಗ ನಾನು. ಯಾರ ಮುಂದೆಯೂ ಹಾಗೆ ಕೈ ಒಡ್ಡಿದವನಲ್ಲ. ಮೊದಲ ಸಲ ಬೆರಳು ನಡುಗಿದ್ದವು.

ಸಿಟ್ಟು ಹೋಗಿಲ್ಲ. ಕಳೆದ ತಾರೀಖಿನಂದು ಪೂರ್ತಿ ಜಪುಜಿ ಓದಿಕೊಂಡು ಹೋಗಿಯೂ ಕೋರ್ಟಿನ ಮೆಟ್ಟಿಲ ಮೇಲೆ ತಮ್ಮನಿಗೆ ಕೂಗಾಡಿದೆ. ಮೊದಲಾದರೆ ಆ ಸಿಟ್ಟು ತಿಂಗಳುಗಟ್ಟಲೆ ಕುದಿಯುತ್ತಿತ್ತು. ಈ ಸಲ ಸಂಜೆಗೆ ಆರಿತ್ತು. ಮೂರಕ್ಕೆ ಎಚ್ಚರವಾಯ್ತು ನಿಜ, ನೀರು ಕುಡಿದು ಮತ್ತೆ ಮಲಗಿದೆ.

ಮುಂದಿನ ತಾರೀಖು ಸೋಮವಾರ ಇದೆ. ಅದರ ಹಿಂದಿನ ದಿನ ಪಾತ್ರೆಯ ಪಾಳಿ ನನ್ನದು.